ಟೋಕಿಯೊದಲ್ಲಿ ಒಬ್ಬಳೇ

ಶನಿವಾರ

ರಾತ್ರಿ ಇಳಿಯುವ ಅಗ್ಗದ ಟಿಕೆಟ್ ಸಿಗುತ್ತಿತ್ತು, ಬೇಡವೆಂದು ಬಿಟ್ಟೆ. ಗೊತ್ತಿಲ್ಲದ ದೊಡ್ಡ ಊರಿಗೆ ಒಬ್ಬಳೇ ಹೋಗುವಾಗ ನನ್ನದೊಂದು ಹಟವಿದೆ: ಕಾಲಿಡುವುದು ಬೆಳಕಿದ್ದಾಗಲೇ ಆಗಬೇಕು. ನರಿತಾ ವಿಮಾನ ನಿಲ್ದಾಣದಿಂದ ಟೋಕಿಯೊದ ನಡುಭಾಗ 60 ಕಿಲೋಮೀಟರಿನಷ್ಟು ದೂರ. ರಾತ್ರಿ ರೈಲುಗಳ ಓಡಾಟ ನಿಂತ ಮೇಲೆ ಬಂದಿಳಿದರೆ ಟ್ಯಾಕ್ಸಿಗೆ ತೆರುವ ದುಡ್ಡಿನಲ್ಲಿ ಎರಡು ರಾತ್ರಿ ಒಳ್ಳೆಯ ಹೋಟೆಲಿನಲ್ಲೇ ಮಲಗಬಹುದು. ಬೆಳಿಗ್ಗೆ ಇಳಿದೆ. ಇಮಿಗ್ರೇಷನ್ನಿನಲ್ಲಿ ತೋರುಬೆರಳುಗಳ ಗುರುತು, ಒಂದು ಫೋಟೊ, ಮಾತಿಲ್ಲ ಕತೆಯಿಲ್ಲ, ಪಾಸ್‌ಪೋರ್ಟ್ ವಾಪಸ್ ಕೈಗೆ. ಅದನ್ನು ರೂಮಿನಲ್ಲಿಟ್ಟು ಓಡಾಡುವುದು ನನ್ನ ರೂಢಿ. ಇಲ್ಲಿ ಹಾಗಾಗದು, ಪ್ರವಾಸಿಗರು ಸದಾ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡೇ ತಿರುಗಬೇಕೆಂದು ಜಪಾನಿನ ಕಾನೂನು ಹೇಳುತ್ತದೆ. ಬಟ್ಟೆಯೊಳಗೆ ಕಟ್ಟಿಕೊಳ್ಳುವ ಚಪ್ಪಟೆ ಚೀಲ ಹಾಗಾಗಿ ಮೊದಲ ದಿನವೇ ಹೊರಬಂತು.

ಪೆಪ್ಪರ್ ಸ್ಪ್ರೇ ತಂದಿರಲಿಲ್ಲ. ಹೊರಡುವ ಮುಂಚೆ ಸಿಕ್ಕವರೆಲ್ಲ ಅದನ್ನೇ ಹೇಳಿದ್ದರು. ಕ್ಯಾಬಿನ್ ಬ್ಯಾಗಿನಲ್ಲಿ ಅದಕ್ಕೆ ಅವಕಾಶವಿಲ್ಲ. ಮೇಲಾಗಿ ಜಪಾನಿನಲ್ಲಿ ತಕ್ಕ ಕಾರಣವಿಲ್ಲದೆ ಅದನ್ನು ಬಚ್ಚಿಟ್ಟುಕೊಂಡು ತಿರುಗಿದರೆ ಸಣ್ಣಪುಟ್ಟ ಅಪರಾಧಗಳ ಕಾಯ್ದೆಯಡಿ ಪೊಲೀಸರಿಗೆ ನಾವೇ ಉತ್ತರ ಹೇಳಬೇಕಾದೀತು. ನಾನು ತಂದದ್ದು ಬಾಗಿಲಿನಡಿ ಸಿಕ್ಕಿಸುವ ರಬ್ಬರ್ ಬೆಣೆ ಮತ್ತು ಒಂದು ಪವರ್ ಬ್ಯಾಂಕ್. ಎರಡನೆಯದೇ ಮುಖ್ಯ. ಮ್ಯಾಪು, ಅನುವಾದ, ದುಡ್ಡು, ಅಕ್ಕ ಎಲ್ಲರೂ ಫೋನಿನೊಳಗೇ ಇರುವಾಗ ಚಾರ್ಜ್ ಮುಗಿದವಳೇ ನಿಜವಾದ ಒಂಟಿ.

ಸ್ಕೈಲೈನರ್ ರೈಲು ನಿಪ್ಪೊರಿಗೆ ಬಿಟ್ಟಿತು, ಅಲ್ಲಿಂದ ಲೋಕಲ್ ಹಿಡಿದು ಅಕಾಬಾನೆ. ಟೋಕಿಯೊದ ಉತ್ತರ ಅಂಚಿನ ಈ ಬಡಾವಣೆ ಹಗಲಲ್ಲೇ ಕುಡಿಯಲು ಕೂರುವ ಅಂಗಡಿಗಳಿಗೆ ಹೆಸರುವಾಸಿ. ಅಂಥ ಕಡೆ ಹೆಂಗಸೊಬ್ಬಳು ಯಾಕೆ ರೂಮು ಮಾಡಬೇಕು ಎಂದು ಕೇಳಿದವರಿದ್ದಾರೆ. ನನ್ನ ಲೆಕ್ಕ ಬೇರೆ. ಪ್ರಶಾಂತವಾದ ವಸತಿ ಬೀದಿಯಲ್ಲಿ ರಾತ್ರಿ ಹತ್ತು ದಾಟಿದರೆ ನರಪಿಳ್ಳೆಯೂ ಇರುವುದಿಲ್ಲ. ಸ್ಟೇಷನ್ನಿಂದ ರೂಮಿನವರೆಗೆ ಅಂಗಡಿಗಳು ತೆರೆದಿದ್ದು, ಒಬ್ಬ ಬಾಗಿಲಲ್ಲಿ ಸಿಗರೇಟು ಸೇದುತ್ತ, ಇನ್ನೊಬ್ಬ ತಟ್ಟೆ ತೊಳೆಯುತ್ತ ಇದ್ದರೆ ನನಗೆ ಅದೇ ಕಾವಲು.

ಹೋಟೆಲಿನಲ್ಲಿ ಹೆಂಗಸರಿಗೇ ಮೀಸಲಾದ ಮಹಡಿಯಿತ್ತು, ಕಾರ್ಡು ತಾಗಿಸದೆ ಲಿಫ್ಟು ಆ ಮಹಡಿಗೆ ಹೋಗದು. ರೂಮು ಬುಕ್ ಮಾಡುವಾಗ ಗೊತ್ತಿರಬೇಕಾದದ್ದೊಂದಿದೆ. ಜಪಾನಿನಲ್ಲಿ ನೆಲಮಹಡಿಯೇ ಒಂದನೆಯದು, ಅವರ ಎರಡನೇ ಮಹಡಿ ಎಂದರೆ ನಮ್ಮ ಮೊದಲನೆಯದು. ಬೀದಿಯಿಂದ ಕಿಟಕಿಗೆ ಕೈ ಎಟುಕಬಾರದೆಂದರೆ ಒಂದು ಕೂಡಿಸಿ ಕೇಳಬೇಕು. ಕೌಂಟರಿನ ಹೆಂಗಸು ರೂಮ್ ನಂಬರನ್ನು ಬಾಯಲ್ಲಿ ಹೇಳಲಿಲ್ಲ. ಕಾರ್ಡಿನ ಲಕೋಟೆಯ ಮೇಲೆ ಬರೆದು, ಬೆರಳಿಟ್ಟು ತೋರಿಸಿದರು. ನನ್ನ ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು. ಈ ಒಂದು ಬೆರಳಿಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ.

ಅಕ್ಕನಿಗೆ ಫೋನು ಮಾಡಿದೆ. "ಚಿಲಕ ಸರಿಯಾಗಿದೆಯೇನೇ?" ಅಂದಳು, ಊಟ ಆಯ್ತಾ ಅಂತ ಆಮೇಲೆ. ನಾನೆಲ್ಲಿದ್ದೇನೆ ಅನ್ನುವುದು ಅವಳ ಮ್ಯಾಪಿನಲ್ಲಿ ಸದಾ ಕಾಣುವಂತೆ ಮಾಡಿಟ್ಟಿದ್ದೆ. ಅದಕ್ಕಿಂತ ಮುಖ್ಯವಾದದ್ದನ್ನು ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು. ಗಾಬರಿಯಾಗಬೇಡ ಎಂದು ಎಲ್ಲರೂ ಹೇಳುತ್ತಾರೆ, ಯಾವ ಹೊತ್ತಿಗೆ ಗಾಬರಿಯಾಗಬೇಕು ಎಂದು ಯಾರೂ ಹೇಳುವುದಿಲ್ಲ. ನಮ್ಮದು ಹೀಗೆ: ಟೋಕಿಯೊದ ನಡುರಾತ್ರಿಯೊಳಗೆ ನನ್ನ ಮೆಸೇಜ್ ಬರದಿದ್ದರೆ ಮೊದಲು ನನಗೆ, ಆಮೇಲೆ ಹೋಟೆಲಿಗೆ, ಆಮೇಲೆ ರಾಯಭಾರ ಕಚೇರಿಗೆ ಫೋನು. ಮೂರೂ ನಂಬರು ಅವಳ ಫ್ರಿಜ್ಜಿನ ಮೇಲೆ ಅಂಟಿವೆ.

ಭಾನುವಾರ

ದೂರ ಎಲ್ಲೂ ಹೋಗಲಿಲ್ಲ. ಹಗಲಿನಲ್ಲಿ ಹೋಟೆಲಿನ ಸುತ್ತಮುತ್ತ ತಿರುಗಿದೆ. ಸ್ಟೇಷನ್ನಿನ ಯಾವ ಬಾಗಿಲಿನಿಂದ ಬಂದರೆ ದಾರಿ ಬೆಳಕಾಗಿರುತ್ತದೆ, 24 ಗಂಟೆಯ ಅಂಗಡಿಗಳು ಎಲ್ಲೆಲ್ಲಿವೆ, ಪೊಲೀಸ್ ಚೌಕಿ ಯಾವ ಮೂಲೆಯಲ್ಲಿದೆ ನೋಡಿಟ್ಟುಕೊಂಡೆ. ಸಂಜೆ ಅಸಾಕುಸಾದ ಸೆನ್ಸೊಜಿ ದೇವಾಲಯ. ಜಾತ್ರೆಯಂಥ ಜನ, ಚೆನ್ನಾಗಿತ್ತು. ಫೋಟೊಗಳನ್ನು ರೂಮಿಗೆ ಬಂದ ಮೇಲೆಯೇ ಹಾಕಿದೆ. ನಾನು ಇದೀಗ ಎಲ್ಲಿ ನಿಂತಿದ್ದೇನೆ ಅನ್ನುವುದು ಅಕ್ಕನಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗಬೇಕಾಗಿಲ್ಲ.

ಸೋಮವಾರ

ಟೋಕಿಯೊ ಹೆಂಗಸರಿಗೆ ಜಗತ್ತಿನಲ್ಲೇ ಸುರಕ್ಷಿತವಾದ ಊರು ಎಂದು ಓದಿಕೊಂಡು ಬಂದವಳು ಈ ಬೆಳಿಗ್ಗೆ ಅಕಾಬಾನೆ ಸ್ಟೇಷನ್ನಿನಲ್ಲಿ ಗುಲಾಬಿ ಪಟ್ಟಿಯ ಮುಂದೆ ನಿಂತಿದ್ದೆ. ಸೈಕ್ಯೊ ಲೈನು. ಪ್ಲಾಟ್‌ಫಾರ್ಮಿನ ನೆಲದ ಮೇಲೆ, ರೈಲಿನ ತುದಿಯ ಬೋಗಿ ನಿಲ್ಲುವ ಜಾಗದಲ್ಲಿ, "ಮಹಿಳೆಯರಿಗೆ ಮಾತ್ರ" ಎಂದು ಬರೆದಿರುತ್ತದೆ. ಕೆಲಸದ ದಿನಗಳ ಬೆಳಗಿನ ನೂಕುನುಗ್ಗಲಿನ ಹೊತ್ತಿಗೆ ಈ ನಿಯಮ. ಇದು ಯಾಕೆ ಬಂತು ಅನ್ನುವುದಕ್ಕೆ ಕಾರಣ ಒಂದೇ, ಚಿಕಾನ್. ತುಂಬಿದ ರೈಲಿನಲ್ಲಿ ಮೈ ಮುಟ್ಟುವ ಗಂಡಸಿಗೂ, ಅವನು ಮಾಡುವ ಕೆಲಸಕ್ಕೂ ಇಲ್ಲಿ ಅದೇ ಹೆಸರು. ಸೈಕ್ಯೊ ಲೈನಿಗೆ ಈ ವಿಷಯದಲ್ಲಿ ಬಹಳ ಹಿಂದಿನಿಂದ ಕೆಟ್ಟ ಹೆಸರಿದೆ.

ಹೆಂಗಸರ ಬೋಗಿ ಇಲ್ಲಿ ಹೊಸದಲ್ಲ. 1912ರಲ್ಲೇ ಟೋಕಿಯೊದ ಚುವೊ ಲೈನಿನಲ್ಲಿ ಶಾಲೆಗೆ ಹೋಗುವ ಹುಡುಗಿಯರಿಗೆಂದು ಬೇರೆ ಬೋಗಿ ಇತ್ತು. ಈಗಿನ ರೂಪದ್ದು ಶುರುವಾದದ್ದು 2000ದ ಡಿಸೆಂಬರಿನಲ್ಲಿ, ಕೇಯೊ ಲೈನಿನ ತಡರಾತ್ರಿಯ ರೈಲುಗಳಲ್ಲಿ. ವರ್ಷದ ಕೊನೆಯ ಕುಡಿತದ ಪಾರ್ಟಿಗಳ ಕಾಲ ಅದು. ಮರುವರ್ಷ ಸೈಕ್ಯೊ ಲೈನಿಗೂ ಬಂತು, 2005ರ ಹೊತ್ತಿಗೆ ಟೋಕಿಯೊದ ಬಹಳಷ್ಟು ಲೈನುಗಳಿಗೆ ಹರಡಿತು. ಊರಿಗೆ ಸುತ್ತು ಹಾಕುವ, ಪ್ರವಾಸಿಗರೆಲ್ಲ ಹತ್ತುವ ಯಾಮಾನೊತೆ ಲೈನಿನಲ್ಲಿ ಈ ಬೋಗಿ ಇಲ್ಲ. ಗಂಡಸು ಹತ್ತಿದರೆ ದಂಡವೇನಿಲ್ಲ, ಎಲ್ಲ ಸಹಕಾರದ ಮೇಲೆ ನಡೆಯುವ ವ್ಯವಸ್ಥೆ. ಚಿಕ್ಕ ಹುಡುಗರು, ಅಂಗವಿಕಲರು, ಅವರ ಜೊತೆಗಾರರು ಹತ್ತಬಹುದು.

ಬೋಗಿಯೊಳಗೆ ಉಸಿರಾಡಲೂ ಜಾಗವಿರಲಿಲ್ಲ. ಆದರೂ ಒಂದು ವ್ಯತ್ಯಾಸ ತಕ್ಷಣ ಗೊತ್ತಾಯಿತು: ಯಾರ ಮೈಯೂ ಬಿಗಿದುಕೊಂಡಿರಲಿಲ್ಲ. ಒಬ್ಬಾಕೆ ನಿಂತಲ್ಲೇ ಕಣ್ಣುಮುಚ್ಚಿ ನನ್ನ ಹೆಗಲಿಗೆ ಒರಗಿದ್ದಳು, ಇನ್ನೊಬ್ಬಳು ಒಂದು ಕೈಯಲ್ಲಿ ಕನ್ನಡಿ ಹಿಡಿದು ಹುಬ್ಬು ತಿದ್ದುತ್ತಿದ್ದಳು. ರೈಲು ತಿರುವಿನಲ್ಲಿ ಓಲಾಡಿದರೂ ಗೆರೆ ತಪ್ಪಲಿಲ್ಲ.

ಸಂಜೆ ವಾಪಸ್ ಬರುವಾಗ ಮೀಸಲು ಬೋಗಿ ಇಲ್ಲ, ಎಲ್ಲರ ಜೊತೆ ನಿಂತೆ. ಎದುರಿಗಿದ್ದ ಗಂಡಸರಲ್ಲಿ ಕೆಲವರು ಎರಡೂ ಕೈ ಮೇಲೆತ್ತಿ ಹಿಡಿಕೆಗೆ ಜೋತುಬಿದ್ದಿದ್ದರು. ಆಯಾಸವಿರಬೇಕು ಅಂದುಕೊಂಡಿದ್ದೆ. ಹಾಗಲ್ಲ, ಅವರ ಮೇಲೆ ಯಾರೂ ಅನುಮಾನ ಪಡದಿರಲಿ ಎಂದು ಕೈಗಳನ್ನು ಕಾಣುವ ಹಾಗೆ ಇಟ್ಟುಕೊಳ್ಳುವುದು ಇಲ್ಲಿ ರೂಢಿಯಂತೆ. ಈ ಲೈನಿನ ಬೋಗಿಯೊಳಗೆ 2009ರಲ್ಲೇ ಕ್ಯಾಮೆರಾ ಕೂರಿಸಿದರು. ಗೋಡೆಯ ಮೇಲೆ "ಚಿಕಾನ್ ಅಪರಾಧ" ಅನ್ನುವ ಪೋಸ್ಟರು. ಅಪರಾಧ ಎಂದು ಬರೆದು ಅಂಟಿಸಬೇಕಾಗಿ ಬಂದಿದೆ ಎಂದರೆ ಹಾಗೆ ತಿಳಿಯದವರು ಎಷ್ಟು ಜನ ಇದ್ದಿರಬೇಕು!

ಇಕೆಬುಕುರೊ ದಾಟಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು, ಕಾಲೇಜಿನವಳಿರಬೇಕು, ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಂಡಳು. ಸ್ವಲ್ಪ ಸರಿದಳು. ಮತ್ತೆ ಸರಿದಳು. ಅವಳ ಹಿಂದಿದ್ದ ಕಂದು ಕೋಟಿನವನೂ ಸರಿದ. ನೂಕಿಗೆ ಸರಿದನೋ ಬೇಕಂತಲೇ ಸರಿದನೋ ನನಗೆ ಕಾಣಲಿಲ್ಲ. ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಭುಜ ತೂರಿಸಿ ಇಬ್ಬರ ನಡುವೆ ನಿಂತು, ಅವನಿಗೆ ಬೆನ್ನು ಮಾಡಿ, ಮೊಣಕೈ ಅಗಲಿಸಿಕೊಂಡೆ. ಯಾರೂ ಏನೂ ಮಾತಾಡಲಿಲ್ಲ. ಜುಜೊ ಸ್ಟೇಷನ್ನಿನಲ್ಲಿ ಹುಡುಗಿ ಇಳಿದು, ತಿರುಗಿ, ತಲೆ ಬಾಗಿಸಿ ಹೋದಳು.

ಮಾತೇ ಬರದ ಊರಿನಲ್ಲಿ, ತುಂಬಿದ ರೈಲಿನಲ್ಲಿ ಇಂಥದ್ದು ನನಗೇ ಆದರೆ? ಟೋಕಿಯೊ ಪೊಲೀಸರ ಡಿಜಿ ಪೊಲೀಸ್ ಎಂಬ ಆಪ್ ಫೋನಿನಲ್ಲಿ ಹಾಕಿಕೊಂಡಿದ್ದೆ. ಅದರಲ್ಲಿ ಒಂದು ಗುಂಡಿ ಒತ್ತಿದರೆ "ಚಿಕಾನ್ ಇದ್ದಾನೆ, ಸಹಾಯ ಮಾಡಿ" ಎಂದು ದೊಡ್ಡಕ್ಷರದಲ್ಲಿ ಜಪಾನೀ ಭಾಷೆಯಲ್ಲಿ ಮೂಡುತ್ತದೆ, ಪಕ್ಕದವರಿಗೆ ತೋರಿಸಬಹುದು. ಮತ್ತೆ ಒತ್ತಿದರೆ "ಯಾಮೆತೆ ಕುದಸಾಯಿ", ಅಂದರೆ ದಯವಿಟ್ಟು ನಿಲ್ಲಿಸಿ, ಎಂದು ಫೋನೇ ಕೂಗುತ್ತದೆ. ಅಂಥವನಿಗೆ ದಯವಿಟ್ಟು ಎನ್ನಬೇಕೇ ಅನ್ನಿಸಿತು, ಇರಲಿ. ಕೂಗಲು ಗಂಟಲೇ ಬಾರದ ಗಳಿಗೆಯಲ್ಲಿ ಫೋನು ಕೂಗಿದರೂ ಆದೀತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸಮವಸ್ತ್ರದ ಸಿಬ್ಬಂದಿಗೆ ಹೇಳಬೇಕು. ಪೊಲೀಸರ ನಂಬರು 110, ಆಂಬುಲೆನ್ಸಿಗೂ ಅಗ್ನಿಶಾಮಕಕ್ಕೂ 119.

ಮಂಗಳವಾರ

ಯಾನಾಕಾ. ಹಳೆಯ ಮನೆಗಳು, ಕಿರಿದಾದ ಓಣಿಗಳು, ನಡುವೆ ದೊಡ್ಡ ಸ್ಮಶಾನ. ಒಬ್ಬಳೇ ಸ್ಮಶಾನದಲ್ಲಿ ತಿರುಗಿದೆ ಅಂದರೆ ಅಕ್ಕ ಬೈಯುತ್ತಾಳೆ, ಆದರೆ ಇದು ಜನ ಸೈಕಲ್ ಹೊಡೆದುಕೊಂಡು ಅಡ್ಡ ಹಾಯುವ ಸ್ಮಶಾನ. 1957ರಲ್ಲಿ ಸುಟ್ಟುಹೋದ ಐದು ಅಂತಸ್ತಿನ ಪಗೋಡಾದ ಅಡಿಗಲ್ಲುಗಳ ಪಕ್ಕದಲ್ಲಿ ಪುಟ್ಟ ಪೊಲೀಸ್ ಚೌಕಿಯಿದೆ.

ಚೌಕಿಗಳನ್ನು ಇಲ್ಲಿ ಕೊಬಾನ್ ಅನ್ನುತ್ತಾರೆ. 1874ರಿಂದ ಇವೆ. ಟೋಕಿಯೊದ ಬೀದಿಗಳಲ್ಲಿ ಹೆಚ್ಚಿನವಕ್ಕೆ ಹೆಸರೇ ಇಲ್ಲ, ವಿಳಾಸವೆಂದರೆ ಬ್ಲಾಕುಗಳ ನಂಬರು. ಹಾಗಾಗಿ ದಾರಿ ಕೇಳಲು ಜನ ಕೊಬಾನಿಗೆ ಹೋಗುವುದು ಮಾಮೂಲು. ಸ್ಟೇಷನ್ ಹತ್ತಿರದ ಒಂದಕ್ಕೆ ನಾನೂ ಹೋದೆ. ಹೊರಗಿನ ಫಲಕದಲ್ಲಿ ನಿನ್ನೆ ನಗರದಲ್ಲಾದ ರಸ್ತೆ ಅಪಘಾತದಲ್ಲಿ ಸತ್ತವರು, ಗಾಯಗೊಂಡವರು ಎಷ್ಟು ಎಂದು ಬರೆದಿತ್ತು. ಒಳಗಿದ್ದ ವಯಸ್ಸಾದ ಪೊಲೀಸರು ಎದ್ದು ನಿಂತು, ನಕ್ಷೆ ಹರಡಿ, ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ನನಗೆ ದಾರಿ ಗೊತ್ತಿತ್ತು, ಸುಮ್ಮನೆ ಕೇಳಿದ್ದು. ಪೊಲೀಸರ ಹತ್ತಿರ ಮೊದಲ ಸಲ ಮಾತಾಡುವುದು ಕಷ್ಟ ಬಂದ ದಿನವೇ ಆಗಬಾರದು ಎಂದು ನನ್ನ ಅಭಿಪ್ರಾಯ. ಆ ಕಷ್ಟ ಬಂದರೆ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದಾದರೂ ತಿಳಿದಿರುತ್ತದೆ.

ಶಾಲೆ ಬಿಟ್ಟಿತ್ತು. ಆರೇಳು ವರ್ಷದ ಮಕ್ಕಳು ದೊಡ್ಡವರ ಜೊತೆಯಿಲ್ಲದೆ ಹಳದಿ ಟೋಪಿ ಹಾಕಿಕೊಂಡು ಸಾಲಾಗಿ ಮನೆಗೆ ಹೋಗುತ್ತಿದ್ದರು. ಇದನ್ನು ನೋಡಿ ಪ್ರವಾಸಿಗರೆಲ್ಲ ಬೆರಗಾಗಿ ಫೋಟೊ ಹಿಡಿಯುತ್ತಾರೆ. ಫೋಟೊದಲ್ಲಿ ಬೀಳದ್ದು ಬೆನ್ನಿನ ಚೀಲದ ಪಟ್ಟಿಗೆ ನೇತುಬಿದ್ದ ಸಣ್ಣ ಡಬ್ಬಿ: ದಾರ ಎಳೆದರೆ ಕಿವಿ ಹರಿಯುವಂತೆ ಅರಚುವ ಬಜರ್. ಅಂಗಡಿಯೊಂದರ ಗಾಜಿನ ಮೇಲೆ ಚೀಟಿ ಅಂಟಿಸಿತ್ತು, ಹೆದರಿಕೆಯಾದ ಮಗು ಓಡಿ ಒಳಗೆ ಬರಬಹುದಾದ ಜಾಗ ಇದು ಎಂದು. ಬೀದಿಯುದ್ದಕ್ಕೂ ಅಂಥ ಚೀಟಿಗಳು. ಮಕ್ಕಳು ಒಬ್ಬೊಬ್ಬರೇ ನಡೆಯುತ್ತಾರೆ, ನಿಜ. ಅವರ ಹಿಂದೆ ಇಷ್ಟೆಲ್ಲ ಕಟ್ಟಿಟ್ಟಿದ್ದಾರೆ ಅನ್ನುವುದೂ ನಿಜ. ನೂರು ಯೆನ್ನಿನ ಅಂಗಡಿಯಲ್ಲಿ ಅಂಥದ್ದೇ ಒಂದು ಬಜರ್ ಕೊಂಡು ಬ್ಯಾಗಿಗೆ ಕಟ್ಟಿಕೊಂಡೆ. ನನ್ನದು ಕಪ್ಪೆಯಾಕಾರದ್ದು.

ಬುಧವಾರ

ಬೆಳಿಗ್ಗೆ ಟೋಕಿಯೊ ಸ್ಟೇಷನ್ನಿನ ಕೆಂಪು ಇಟ್ಟಿಗೆ ಕಟ್ಟಡದ ಮುಂದಿನ ಬಯಲು. 2019ರ ಮಾರ್ಚಿನಲ್ಲಿ ಲೈಂಗಿಕ ದೌರ್ಜನ್ಯದ ಕೆಲವು ಮೊಕದ್ದಮೆಗಳಲ್ಲಿ ಆರೋಪಿಗಳು ಒಬ್ಬರ ಹಿಂದೊಬ್ಬರು ಖುಲಾಸೆಯಾದ ಮೇಲೆ, ಏಪ್ರಿಲ್ 11ರಂದು ಹೆಂಗಸರು ಇಲ್ಲಿ ಹೂವು ಹಿಡಿದು ಸೇರಿದರು. ಆಮೇಲೆ ಪ್ರತಿ ತಿಂಗಳ 11ಕ್ಕೆ, ಬೇರೆ ಬೇರೆ ಊರುಗಳಲ್ಲೂ. ಫ್ಲವರ್ ಡೆಮೊ ಎಂದು ಹೆಸರಾಯಿತು. 2023ರಲ್ಲಿ ಕಾನೂನು ಬದಲಾಗಿ ಒಪ್ಪಿಗೆಯ ವಯಸ್ಸು 13ರಿಂದ 16ಕ್ಕೆ ಏರಿತು, ಒಪ್ಪಿಗೆಯಿಲ್ಲದ ಕೂಟ ಎಂಬುದೇ ಅಪರಾಧದ ಹೆಸರಾಯಿತು, ಕದ್ದು ಫೋಟೊ ತೆಗೆಯುವುದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಬಂತು. ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದನ್ನು ಮುಚ್ಚಲಾಗದು ಅನ್ನುವುದಕ್ಕೂ ಕಾರಣ ಇದೇ ಕದ್ದು ತೆಗೆಯುವ ಚಾಳಿ. ನಾನು ಓದಿಕೊಂಡು ಬಂದಿದ್ದ "ಸುರಕ್ಷಿತ ಊರು" ಈ ಊರಿನ ಹೆಂಗಸರು ಜಗಳ ಮಾಡಿ ಮಾಡಿ ಒಂದೊಂದೇ ಬೋಗಿ, ಒಂದೊಂದೇ ಕಾಯ್ದೆ ಗಿಟ್ಟಿಸಿಕೊಂಡದ್ದು. ಜಗಳ ಮುಗಿದಿಲ್ಲ.

ರಾತ್ರಿ ಶಿಂಜುಕು. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಎಂದು ಗಿನ್ನೆಸ್ ದಾಖಲೆ ಇರುವ ಜಾಗ, 200ಕ್ಕೂ ಹೆಚ್ಚು ಬಾಗಿಲುಗಳು. ತಪ್ಪು ಬಾಗಿಲಿನಲ್ಲಿ ಹೊರಬಿದ್ದರೆ ಊರೇ ಬೇರೆ. ಪೂರ್ವದ ಬಾಗಿಲಿನಿಂದ, ಬಾರು ಕ್ಲಬ್ಬುಗಳ ಬಡಾವಣೆಯಾದ ಕಬುಕಿಚೊ ಕಡೆ ನಡೆದೆ. ಕತ್ತಲೆಂಬುದೇ ಇಲ್ಲದ ಬೀದಿ. ತಲೆಯ ಮೇಲೆ ಧ್ವನಿವರ್ಧಕ ಬಿಡದೆ ಒದರುತ್ತಿತ್ತು: ಕೈಹಿಡಿದು ಕರೆಯುವವರ ಹಿಂದೆ ಹೋಗಬೇಡಿ, ಬಿಲ್ಲಿನಲ್ಲಿ ಸುಲಿಯುತ್ತಾರೆ. ಅದರ ಕೆಳಗೇ ಕರೆಯುವವರು ನಿಂತಿದ್ದರು.

ಗಂಡಸರನ್ನು ಕರೆಯುವವರು ನನ್ನನ್ನು ಬಿಟ್ಟರು. ನನ್ನ ಹತ್ತಿರ ಬಂದವನು ಬಂಗಾರದ ಬಣ್ಣದ ಕೂದಲಿನ, ಸಿನಿಮಾ ನಟನ ಹಾಗಿದ್ದ ಹುಡುಗ. ಮೊದಲ ಸಲ ಬರುವವರಿಗೆ ಬಹಳ ಕಡಿಮೆ ರೇಟು, ಒಂದು ಗಂಟೆ ಕೂತು ಮಾತಾಡಿ ಹೋಗಿ ಅಂದ. ಹೋಸ್ಟ್ ಕ್ಲಬ್ಬಿನವನು. ಅಲ್ಲಿ ಚೆಂದದ ಹುಡುಗರು ಹೆಂಗಸರ ಜೊತೆ ಕೂತು ಹೊಗಳುತ್ತ ಷಾಂಪೇನ್ ತರಿಸುತ್ತಾರೆ. ಪ್ರೀತಿಸುತ್ತಾನೆಂದು ನಂಬಿ ಸಾಲದ ಹೊಂಡಕ್ಕೆ ಬಿದ್ದ, ಸಾಲ ತೀರಿಸಲು ಮೈಮಾರುವಷ್ಟು ದೂರ ಹೋದ ಹುಡುಗಿಯರ ಸುದ್ದಿ ಜಪಾನಿನ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. 2025ರಲ್ಲಿ ಕಾನೂನು ತಿದ್ದಿ, ಪ್ರೀತಿಯ ಆಸೆ ತೋರಿಸಿ ಬಿಲ್ ಏರಿಸುವುದನ್ನು ನಿಷೇಧಿಸಬೇಕಾಯಿತು. ಕತ್ತಲ ಓಣಿಯಲ್ಲಿ ಹಲ್ಲು ಕಿರಿಯುವವನ ಬಗ್ಗೆ ನಮಗೆಲ್ಲ ಬಾಲ್ಯದಿಂದ ಹೇಳಿಕೊಟ್ಟಿದ್ದಾರೆ, ಬೆಳಕಿನ ಬೀದಿಯಲ್ಲಿ ಚೆನ್ನಾಗಿ ನಗುವವನ ಬಗ್ಗೆ ಯಾರೂ ಹೇಳಿಕೊಟ್ಟಿಲ್ಲ. ನಿಲ್ಲದೆ, ಉತ್ತರ ಕೊಡದೆ, ಮುಖ ನೋಡದೆ ನಡೆದೆ. "ಸಾರಿ" ಅಂದರೂ ಅದನ್ನು ಮಾತಿನ ಶುರು ಎಂದೇ ತಿಳಿಯುತ್ತಾರೆ. ಮೂವತ್ತು ಹೆಜ್ಜೆ ಬಂದು ಬಿಟ್ಟ.

ಗೋಲ್ಡನ್ ಗಾಯ್ ಪಕ್ಕದಲ್ಲೇ ಇದೆ. ಇನ್ನೂರಕ್ಕೂ ಹೆಚ್ಚು ಗೂಡಿನಂಥ ಬಾರುಗಳು, ಒಂದೊಂದರಲ್ಲಿ ಆರೆಂಟು ಜನ ಕೂತರೆ ತುಂಬಿಹೋಯಿತು. ಬಾಗಿಲಲ್ಲಿ ಕೂರುವ ಚಾರ್ಜು ಬರೆದಿರುವ, ಒಳಗೆ ಹೆಂಗಸರೂ ಕಾಣುವ ಬಾರು ಹುಡುಕಿದೆ. ನಡೆಸುವಾಕೆಗೆ ಅರವತ್ತು ದಾಟಿರಬೇಕು, ಎಲ್ಲರೂ ಮಾಮಾ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದರು. ಫೋನಿನ ಅನುವಾದದಲ್ಲೇ ಹರಟೆ. ನಾನು ಶೌಚಾಲಯಕ್ಕೆ ಎದ್ದಾಗ ಅವರು ನನ್ನ ಗ್ಲಾಸನ್ನು ಕೌಂಟರಿನ ಒಳಗೆ, ತನ್ನ ಪಕ್ಕಕ್ಕೆ ಎತ್ತಿಟ್ಟುಕೊಂಡು ಮೇಲೊಂದು ಕಾಗದದ ಕೋಸ್ಟರ್ ಮುಚ್ಚಿದರು. ಹೇಳಿ ಮಾಡಿಸಿದ್ದಲ್ಲ. ಹತ್ತೂವರೆಗೆ ಫೋನಿನಲ್ಲಿ ಏನೋ ಒತ್ತಿ ನನ್ನ ಮುಂದೆ ಹಿಡಿದರು: ಕೊನೆಯ ರೈಲಿಗೆ ಹೋಗಬೇಡ, ಅದರಲ್ಲಿ ಕುಡುಕರೇ ಇರುತ್ತಾರೆ, ಈಗಲೇ ಹೊರಡು. ಟೋಕಿಯೊದ ರೈಲುಗಳು ನಡುರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ನಿಂತರೆ ಬೆಳಗಿನ ಜಾವ ಐದರ ಸುಮಾರಿಗೇ ಮತ್ತೆ ಶುರು. ಹೊರಟೆ.

ಅಕಾಬಾನೆಯಲ್ಲಿ ಇಳಿದಾಗ ಒಬ್ಬ ಪಕ್ಕಕ್ಕೆ ಬಂದ. ಟೈ ಸಡಿಲಾಗಿತ್ತು. ಯಾವ ದೇಶ, ಹೋಟೆಲ್ ಎಲ್ಲಿ, ಇಂಗ್ಲಿಷ್ ಮಾತಾಡೋಣ. ಹೆಜ್ಜೆ ಜೋರು ಮಾಡಿದರೆ ಅವನೂ ಮಾಡಿದ. ಹೋಟೆಲ್ ದಾರಿ ಬಿಟ್ಟು ಭಾನುವಾರ ನೋಡಿಟ್ಟಿದ್ದ 24 ಗಂಟೆಯ ಅಂಗಡಿಗೆ ನುಗ್ಗಿದೆ. ಕೌಂಟರಿನಲ್ಲಿದ್ದ ಹುಡುಗ ನನ್ನ ಮುಖ ನೋಡಿ, ಹೊರಗೆ ನೋಡಿ, ಹಿಂದಿಯಲ್ಲಿ ಕೇಳಿದ: "ದೀದಿ, ಅವನು ನಿಮ್ಮ ಜೊತೆಯವನಾ?" ನೇಪಾಳದ ವಿದ್ಯಾರ್ಥಿ, ರಾತ್ರಿಪಾಳಿ. ಅಲ್ಲವೆಂದೆ. "ಇಲ್ಲೇ ಒಳಗೆ ನಿಂತ್ಕೊಳ್ಳಿ, ಅವಸರ ಇಲ್ಲ" ಅಂದವನು ಅಂಗಡಿಯ ಫೋನನ್ನು ಎತ್ತಿ, ಹೊರಗಿದ್ದವನಿಗೆ ಕಾಣುವ ಹಾಗೆ ಕಿವಿಗಿಟ್ಟುಕೊಂಡ. ನಂಬರನ್ನೇ ಒತ್ತಿರಲಿಲ್ಲ. ಟೈ ಸಡಿಲಿನವನು ಸ್ವಲ್ಪ ಹೊತ್ತು ನಿಂತು ಸ್ಟೇಷನ್ನಿನ ಕಡೆ ಹೋದ.

ಇಂಥ ಅಂಗಡಿಗಳ ಒಕ್ಕೂಟ 2005ರಿಂದ ದೇಶದಾದ್ಯಂತ ಒಂದು ಕಾರ್ಯಕ್ರಮ ನಡೆಸುತ್ತಿದೆ, ಓಡಿಬಂದ ಹೆಂಗಸರಿಗೂ ಮಕ್ಕಳಿಗೂ ಅಂಗಡಿಯೇ ಆಸರೆ ಎಂದು. ಆ ಹುಡುಗನಿಗೆ ಅದರ ತರಬೇತಿ ಆಗಿತ್ತೋ ಏನೋ, ಕೇಳಲಿಲ್ಲ. ನಾನು ಬಿಸಿ ಚಹಾದ ಬಾಟಲಿ ಕೊಂಡೆ, ದುಡ್ಡು ತೆಗೆದುಕೊಂಡು ಚಿಲ್ಲರೆ ಎಣಿಸಿ ಕೊಟ್ಟ. ಆಮೇಲೂ ಹತ್ತು ನಿಮಿಷ ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಕನಿಗೆ "ಬಂದೆ" ಎಂದು ಹಾಕಿದಾಗ ನಡುರಾತ್ರಿಗೆ ಇನ್ನೂ ಸ್ವಲ್ಪ ಬಾಕಿ.

ಗುರುವಾರ

ಮಳೆ. ಉಯೆನೊ ಮ್ಯೂಸಿಯಂ, ಬಟ್ಟೆ ಒಗೆಯುವುದು, ನಿದ್ದೆ. ಹೊರಗೆ ಹೋಗಲು ಮನಸ್ಸಾಗದ ದಿನ ಹೋಗದಿದ್ದರೆ ನಷ್ಟವೇನಿಲ್ಲ.

ಶುಕ್ರವಾರ

ಮಧ್ಯಾಹ್ನದ ವಿಮಾನ. ನೂಕುನುಗ್ಗಲು ಕಳೆದ ಮೇಲೆ ಸೂಟ್‌ಕೇಸ್ ಇಳಿಸಿದೆ. ಕೌಂಟರಿನಲ್ಲಿ ಮೊದಲ ದಿನದ ಅದೇ ಹೆಂಗಸು. ಟೋಕಿಯೊ ಹೇಗನಿಸಿತು ಎಂದು ಕೇಳಿದರು. ಬುಧವಾರದ್ದನ್ನು ಹೇಳಿದೆ. ಅವರು ಬಾಯಿಗೆ ಕೈಯಿಟ್ಟುಕೊಂಡು ಕೇಳಿ, ಕ್ಷಮೆ ಕೇಳಿದರು, ತಾವೇ ಕಾರಣ ಅನ್ನುವ ಹಾಗೆ. ನೀವು ರಾತ್ರಿಪಾಳಿ ಮುಗಿಸಿ ಹೇಗೆ ಹೋಗುತ್ತೀರಿ ಎಂದೆ. ಒಬ್ಬರೇ ಇರುವುದಂತೆ, ಎರಡು ಸ್ಟೇಷನ್ ಆಚೆ, ನಾಲ್ಕನೇ ಮಹಡಿಯಲ್ಲಿ. ಹೊರಗಿನ ಹೆಸರಿನ ಫಲಕದಲ್ಲಿ ಹೆಸರು ಬರೆದಿಲ್ಲ, ಒಳ ಉಡುಪನ್ನು ಹೊರಗೆ ಒಣಹಾಕುವುದಿಲ್ಲ, ಬಾಲ್ಕನಿಯಲ್ಲಿ ಯಾವಾಗಲೂ ಗಂಡಸಿನ ಅಂಗಿಯೊಂದು ತೂಗುತ್ತಿರುತ್ತದೆ. ಅದಕ್ಕೆಂದೇ ಕೊಂಡದ್ದು.

"ಯಾವ ಸೈಜು?" ಅಂದೆ.

ಸುತ್ತಲೂ ನೋಡಿ, ದನಿ ತಗ್ಗಿಸಿ ಹೇಳಿದರು: "ತ್ರಿಬಲ್ ಎಕ್ಸ್‌ಎಲ್. ಇರೋದೇ ಇಲ್ಲ ಅಂದ ಮೇಲೆ ದೊಡ್ಡವನೇ ಇರಲಿ ಅಂತ."